ಸ್ಕ್ರೂಜ್ ದೆವ್ವಕ್ಕೆ ಹೆದರಿ ಬದಲಾದನಾ?

ತಂಗಿ ಮಗಳು ಎಂಟನೇ ಕ್ಲಾಸು. ಅವಳ ಶಾಲೆಯಲ್ಲಿ ಈ ಡಿಸೆಂಬರ್‌ಗೆ ‘ಎ ಕ್ರಿಸ್‌ಮಸ್ ಕ್ಯಾರಲ್’ ನಾಟಕ ಮಾಡಿಸುತ್ತಿದ್ದಾರೆ. ಅವಳಿಗೆ ಸಿಕ್ಕಿರುವುದು ಫ್ರೆಡ್ ಎಂಬುವನ ಹೆಂಡತಿಯ ಪಾತ್ರ. ಕೊನೆಯ ಹೊತ್ತಿಗೆ ಮುದುಕನೊಬ್ಬ ಅವರ ಮನೆಗೆ ಊಟಕ್ಕೆ ಬರುತ್ತಾನೆ, ಅವನನ್ನು ನೋಡಿ ಇವಳು ಬೆಚ್ಚಿಬೀಳಬೇಕು, ಅಷ್ಟೇ ಕೆಲಸ. “ಮಾಮ, ನಾನ್ಯಾಕೆ ಬೆಚ್ಚಬೇಕು? ಅವರು ನನ್ನ ಗಂಡನ ಅಂಕಲ್ ಅಲ್ವಾ?” ಅಂತ ಕೇಳಿದಳು. ಅದರ ಹಿಂದೆಯೇ ಇನ್ನೊಂದು ಬಂತು. “ಒಂದೇ ರಾತ್ರಿಯಲ್ಲಿ ಮನುಷ್ಯ ಪೂರ್ತಿ ಬದಲಾಗೋಕೆ ಆಗುತ್ತಾ? ದೆವ್ವ ನೋಡಿ ಹೆದರಿಕೊಂಡ, ಅಷ್ಟೇ ತಾನೇ?”

ಒಳ್ಳೆಯ ಪ್ರಶ್ನೆ. ಈ ಕಥೆ ಗೊತ್ತಿರುವ ಬಹಳ ಜನ ಇದನ್ನು ಹಾಗೇ ನೆನಪಿಟ್ಟುಕೊಂಡಿರುತ್ತಾರೆ: ಜಿಪುಣ ಮುದುಕ, ಮೂರು ದೆವ್ವ, ಹೆದರಿಕೆ, ಬೆಳಗಾದರೆ ಒಳ್ಳೆಯವನು. ಆದರೆ ಪುಸ್ತಕವನ್ನು ಕೂತು ಓದಿದರೆ ಅದು ಹಾಗಿಲ್ಲ. ಯಾರು ಯಾರಿಗೆ ಏನಾಗಬೇಕು, ಯಾವ ಸಂಬಂಧ ಎಲ್ಲಿ ಕಡಿದುಹೋಗಿತ್ತು ಅನ್ನುವುದನ್ನು ನೋಡುತ್ತಾ ಹೋದರೆ ಆ ಬದಲಾವಣೆ ಹೇಗಾಯಿತು ಅನ್ನುವುದು ಹೆಜ್ಜೆ ಹೆಜ್ಜೆಗೂ ಕಾಣುತ್ತದೆ. ಮಕ್ಕಳಿಗೆ ಈ ಪಾಠವೋ ನಾಟಕವೋ ಇದ್ದು, ಮನೆಯಲ್ಲಿ ಕೂತು ಹೇಳಿಕೊಡಬೇಕಾದ ದೊಡ್ಡವರಿಗೂ ಉಪಯೋಗವಾಗಲಿ ಅಂತ ಮೊದಲಿನಿಂದ ಬರೆಯುತ್ತಿದ್ದೇನೆ.

ಪುಸ್ತಕ ಯಾವುದು, ಕಥೆ ಏನು

ಬರೆದವರು ಚಾರ್ಲ್ಸ್ ಡಿಕನ್ಸ್. 1843ರ ಡಿಸೆಂಬರ್ 19ರಂದು ಲಂಡನ್ನಿನಲ್ಲಿ ಹೊರಬಂತು. ಮೊದಲು ಅಚ್ಚು ಹಾಕಿಸಿದ 6,000 ಪ್ರತಿ ಕ್ರಿಸ್‌ಮಸ್ ಹಬ್ಬಕ್ಕೆ ಮೊದಲೇ ಖರ್ಚಾದವು. ಕ್ಯಾರಲ್ ಅಂದರೆ ಕ್ರಿಸ್‌ಮಸ್ ಸಮಯದಲ್ಲಿ ಮನೆ ಮನೆ ಮುಂದೆ ಹಾಡುವ ಹಾಡು. ಹಾಗಾಗಿ ಡಿಕನ್ಸ್ ಇದರ ಐದು ಭಾಗಗಳನ್ನು ಅಧ್ಯಾಯ ಅಂತ ಕರೆಯಲಿಲ್ಲ, ‘ಸ್ಟೇವ್’ ಅಂತ ಕರೆದರು. ನಮ್ಮ ಲೆಕ್ಕದಲ್ಲಿ ಹಾಡಿನ ಚರಣ ಅಂದುಕೊಳ್ಳಿ.

ಎಬನೀಜರ್ ಸ್ಕ್ರೂಜ್ ಲಂಡನ್ನಿನ ವ್ಯಾಪಾರಿ. ದುಡ್ಡಿದೆ, ಖರ್ಚಿಲ್ಲ, ಸ್ನೇಹಿತರಿಲ್ಲ. ಅವನ ಪಾಲುದಾರ ಜೇಕಬ್ ಮಾರ್ಲಿ ಏಳು ವರ್ಷದ ಹಿಂದೆ ಕ್ರಿಸ್‌ಮಸ್ ಹಿಂದಿನ ದಿನವೇ ಸತ್ತವನು. ಏಳು ವರ್ಷ ಕಳೆದ ಮೇಲೆ ಅದೇ ದಿನ ರಾತ್ರಿ ಮಾರ್ಲಿಯ ದೆವ್ವ ಬಂದು, ಇನ್ನು ಮೂವರು ಬರುತ್ತಾರೆ ಅಂತ ಹೇಳಿ ಹೋಗುತ್ತದೆ. ಒಬ್ಬರು ಹಳೆಯ ಕ್ರಿಸ್‌ಮಸ್‌ಗಳನ್ನು ತೋರಿಸುತ್ತಾರೆ, ಇನ್ನೊಬ್ಬರು ಈಗಿನದನ್ನು, ಮೂರನೆಯವರು ಮುಂದೆ ಬರುವುದನ್ನು. ಬೆಳಗ್ಗೆ ಎದ್ದ ಸ್ಕ್ರೂಜ್ ಬೇರೆ ಮನುಷ್ಯ. ಕಥೆ ಇಷ್ಟೇ.

ಆ ಕಾಲದ ಎರಡು ವಿಷಯ ಗೊತ್ತಿರಬೇಕು

ಮೊದಲನೆಯದು ದುಡ್ಡು. ಸ್ಕ್ರೂಜ್‌ನ ಗುಮಾಸ್ತ ಬಾಬ್ ಕ್ರ್ಯಾಚಿಟ್‌ಗೆ ವಾರಕ್ಕೆ 15 ಶಿಲ್ಲಿಂಗ್ ಸಂಬಳ. ಆಗ 20 ಶಿಲ್ಲಿಂಗ್ ಸೇರಿದರೆ 1 ಪೌಂಡ್. ಅಂದರೆ ವಾರವಿಡೀ ದುಡಿದರೂ ಒಂದು ಪೌಂಡ್ ಇಲ್ಲ, ಅದರಲ್ಲೇ ಗಂಡ, ಹೆಂಡತಿ, ಆರು ಮಕ್ಕಳು. ಇದು ಎಷ್ಟು ಕಡಿಮೆ ಅಂತ ಗೊತ್ತಾಗಬೇಕಾದರೆ ಇದನ್ನು ನೋಡಿ: ಈ ಪುಸ್ತಕದ ಬೆಲೆಯೇ 5 ಶಿಲ್ಲಿಂಗ್ ಇತ್ತು. ಬಾಬ್ ತನ್ನ ಕಥೆಯನ್ನು ತಾನೇ ಕೊಂಡು ಓದಬೇಕಾದರೆ ವಾರದ ಸಂಬಳದಲ್ಲಿ ಮೂರನೇ ಒಂದು ಪಾಲು ಕೊಡಬೇಕಿತ್ತು.

ಎರಡನೆಯದು ‘ವರ್ಕ್‌ಹೌಸ್’. 1834ರಲ್ಲಿ ಬಂದ ಬಡವರ ಕಾಯ್ದೆಯ ಉದ್ದೇಶ, ಕೈಲಾಗದವರು ಸರ್ಕಾರದ ನೆರವು ಕೇಳಿದರೆ ಅವರನ್ನು ಇಂಥ ಮನೆಗಳಿಗೆ ಸೇರಿಸಬೇಕು ಅನ್ನುವುದು. ಒಳಗೆ ಹೋದ ಮೇಲೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಕಷ್ಟದ ಕೆಲಸ, ಹೊಟ್ಟೆಗೆ ಅರೆಬರೆ. ಸುಮ್ನೆ ಯಾರೂ ಬರಬಾರದು ಅಂತಲೇ ಒಳಗಿನ ಬದುಕನ್ನು ಬೇಕೆಂದೇ ಗಟ್ಟಿ ಮಾಡಿದ್ದರು. ಡಿಕನ್ಸ್‌ಗೆ ಬಡತನ ಪುಸ್ತಕ ಓದಿ ಗೊತ್ತಾದದ್ದಲ್ಲ. 1824ರಲ್ಲಿ ಅವರ ತಂದೆ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಜೈಲು ಸೇರಿದಾಗ ಡಿಕನ್ಸ್‌ಗೆ 12 ವರ್ಷ. ಶಾಲೆ ಬಿಟ್ಟು, ಬೂಟು ಪಾಲಿಷ್ ತಯಾರಿಸುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋಗುತ್ತಿದ್ದ ಹುಡುಗ ಅವರು. ಈ ಕಥೆಯಲ್ಲಿ ಒಂಟಿ ಮಗು ಕಂಡಲ್ಲೆಲ್ಲ ಬರವಣಿಗೆ ಯಾಕೆ ಅಷ್ಟು ಮೆತ್ತಗಾಗುತ್ತದೆ ಅನ್ನುವುದಕ್ಕೆ ನನಗೆ ಇದೇ ಕಾರಣ ಕಾಣುತ್ತದೆ.

ಮೊದಲ ಸಂಜೆ ಬಾಗಿಲಿಗೆ ಬಂದವರು

ಮೊದಲ ಭಾಗವನ್ನು ಓದುವಾಗ ಒಂದು ಕೆಲಸ ಮಾಡಿ. ಸ್ಕ್ರೂಜ್‌ನ ಆಫೀಸಿಗೆ ಯಾರ್‍ಯಾರು ಬರುತ್ತಾರೆ, ಅವನು ಯಾರಿಗೆ ಏನು ಹೇಳಿ ಕಳಿಸುತ್ತಾನೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಇಡೀ ಪುಸ್ತಕದ ಬೀಗದ ಕೈ ಅಲ್ಲೇ ಇದೆ.

ಮೊದಲು ಬರುವವನು ಫ್ರೆಡ್. ನಾಳೆ ಹಬ್ಬ, ನಮ್ಮ ಮನೆಗೆ ಊಟಕ್ಕೆ ಬನ್ನಿ ಅಂತ ಕರೆಯುತ್ತಾನೆ. ಸ್ಕ್ರೂಜ್ ಬರುವುದಿಲ್ಲ ಅನ್ನುತ್ತಾನೆ, ಅಷ್ಟಕ್ಕೇ ಬಿಡದೆ “ಮದುವೆ ಯಾಕೆ ಮಾಡಿಕೊಂಡೆ?” ಅಂತ ಕೇಳುತ್ತಾನೆ. ಪ್ರೀತಿ ಆಯಿತು, ಮಾಡಿಕೊಂಡೆ ಅಂತ ಫ್ರೆಡ್ ಹೇಳಿದರೆ, ಜಗತ್ತಿನಲ್ಲಿ ಅದಕ್ಕಿಂತ ಹಾಸ್ಯಾಸ್ಪದ ಇನ್ನೊಂದಿಲ್ಲ ಅನ್ನುವ ಹಾಗೆ ಗುರ್ ಅನ್ನುತ್ತಾನೆ. ಈ ಪ್ರಶ್ನೆಯನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಆಮೇಲೆ ಬಡವರಿಗಾಗಿ ಚಂದಾ ಎತ್ತುವ ಇಬ್ಬರು ಬರುತ್ತಾರೆ. ಜೈಲುಗಳಿಲ್ಲವೇ, ವರ್ಕ್‌ಹೌಸ್‌ಗಳಿಲ್ಲವೇ ಅಂತ ಕೇಳುತ್ತಾನೆ ಸ್ಕ್ರೂಜ್. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ವಾಸಿ ಅನ್ನುವವರು ಇದ್ದಾರೆ ಅಂತ ಅವರು ಹೇಳಿದಾಗ, ಹಾಗಾದರೆ ಸಾಯಲಿ, ಹೆಚ್ಚಾಗಿರುವ ಜನಸಂಖ್ಯೆಯಾದರೂ ಇಳಿಯುತ್ತದೆ ಅನ್ನುತ್ತಾನೆ. ಇದು ಡಿಕನ್ಸ್ ಕಟ್ಟಿದ ಮಾತು ಮಾತ್ರ ಅಲ್ಲ. ಜನಸಂಖ್ಯೆ ಬೆಳೆಯುವ ವೇಗಕ್ಕೆ ಆಹಾರ ಬೆಳೆಯುವುದಿಲ್ಲ ಅಂತ ಥಾಮಸ್ ಮಾಲ್ಥಸ್ 1798ರಲ್ಲೇ ಬರೆದಿದ್ದರು. ಆ ವಾದವನ್ನು ಹಿಡಿದುಕೊಂಡು ಬಡವರನ್ನು ‘ಹೆಚ್ಚುವರಿ’ ಅಂತ ಲೆಕ್ಕ ಹಾಕುವವರು ಆಗ ಇದ್ದರು.

ಮೂರನೆಯದು ಒಬ್ಬ ಪುಟ್ಟ ಹುಡುಗ. ಚಳಿಯಲ್ಲಿ ನಡುಗುತ್ತಾ ಬಾಗಿಲ ಕೀಲಿಕಂಡಿಗೆ ಬಾಯಿ ಇಟ್ಟು ಕ್ಯಾರಲ್ ಹಾಡಲು ಶುರು ಮಾಡುತ್ತಾನೆ. ಸ್ಕ್ರೂಜ್ ಮೇಜಿನ ಮೇಲಿದ್ದ ರೂಲು ಕೋಲನ್ನು ಎತ್ತಿಕೊಂಡ ರಭಸಕ್ಕೆ ಹುಡುಗ ಓಡಿಹೋಗುತ್ತಾನೆ.

ಕೊನೆಯವನು ಬಾಬ್, ಬಾಗಿಲಿನಿಂದ ಬಂದವನಲ್ಲ, ಒಳಗೇ ಕೂತಿದ್ದವನು. ಕಲ್ಲಿದ್ದಲ ಪೆಟ್ಟಿಗೆಯನ್ನು ಸ್ಕ್ರೂಜ್ ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದಾನೆ. ಹಾಗಾಗಿ ಬಾಬ್‌ನ ಒಲೆಯಲ್ಲಿ ಒಂದೇ ಒಂದು ಕಲ್ಲಿದ್ದಲು ಇರುವ ಹಾಗೆ ಕಾಣುವ ಬೆಂಕಿ. ಪಾಪ, ಮೇಣದ ಬತ್ತಿಯಲ್ಲಿ ಕೈ ಕಾಯಿಸಿಕೊಳ್ಳಲು ನೋಡುತ್ತಾನೆ. ಹಬ್ಬದ ಒಂದು ದಿನ ರಜೆ ಕೊಡುವುದಕ್ಕೂ ಸ್ಕ್ರೂಜ್, ವರ್ಷಕ್ಕೊಮ್ಮೆ ಡಿಸೆಂಬರ್ 25ಕ್ಕೆ ನನ್ನ ಜೇಬು ಕತ್ತರಿಸುವ ನೆಪ ಇದು ಅನ್ನುತ್ತಾನೆ. ಈ ಮೊದಲ ಭಾಗದಲ್ಲಿ ಬಾಬ್‌ಗೆ ಹೆಸರೇ ಇಲ್ಲ ಅನ್ನುವುದನ್ನು ಗಮನಿಸಿ. ಉದ್ದಕ್ಕೂ ಬರೀ ‘ಗುಮಾಸ್ತ’.

ಸಂಬಂಧಿಕ, ಊರಿನ ಬಡವರು, ಗೊತ್ತಿಲ್ಲದ ಮಗು, ಕೈಕೆಳಗೆ ದುಡಿಯುವವನು. ಒಬ್ಬ ಮನುಷ್ಯನಿಗೆ ಹೊರಗಿನ ಜಗತ್ತಿನ ಜೊತೆ ಇರಬಹುದಾದ ಎಳೆಗಳೆಲ್ಲ ಹೆಚ್ಚುಕಡಿಮೆ ಇವೇ ಅಲ್ವಾ? ಒಂದೇ ಸಂಜೆಯಲ್ಲಿ ಅಷ್ಟನ್ನೂ ಅವನೇ ಕಡಿದುಹಾಕುತ್ತಾನೆ.

ಮಾರ್ಲಿ ಯಾಕೆ ಬಂದ

ಮಾರ್ಲಿ ಸತ್ತು ಏಳು ವರ್ಷವಾದರೂ ಅಂಗಡಿಯ ಬೋರ್ಡಿನಿಂದ ಅವನ ಹೆಸರು ಅಳಿಸಿಲ್ಲ. ‘ಸ್ಕ್ರೂಜ್ ಅಂಡ್ ಮಾರ್ಲಿ’ ಅಂತಲೇ ಇದೆ. ಹೊಸಬರು ಬಂದು ಇವನನ್ನು ಮಾರ್ಲಿ ಅಂತ ಕರೆದರೂ ಇವನು ಓಗೊಡುತ್ತಾನೆ. ಇಬ್ಬರೂ ಒಬ್ಬರೇ ಅನ್ನುವಷ್ಟು ಹತ್ತಿರ. ಆದರೆ ಆ ಸಂಬಂಧದಲ್ಲಿ ವ್ಯಾಪಾರ ಬಿಟ್ಟು ಬೇರೇನೂ ಇರಲಿಲ್ಲ. ಗೆಳೆಯನ ಅಂತ್ಯಕ್ರಿಯೆಯ ದಿನವೂ ಸ್ಕ್ರೂಜ್ ವ್ಯವಹಾರ ಬಿಡಲಿಲ್ಲ ಅಂತ ಡಿಕನ್ಸ್ ಬರೆಯುತ್ತಾರೆ.

ಈಗ ಅದೇ ಮಾರ್ಲಿ ಸರಪಳಿ ಎಳೆದುಕೊಂಡು ಬರುತ್ತಾನೆ. ಆ ಸರಪಳಿಯಲ್ಲಿ ಇರುವುದು ಗಲ್ಲಾಪೆಟ್ಟಿಗೆ, ಬೀಗ, ಬೀಗದ ಕೈ, ಲೆಕ್ಕದ ಪುಸ್ತಕ, ಪತ್ರಗಳು, ಉಕ್ಕಿನ ಥೈಲಿ. ಬದುಕಿದ್ದಾಗ ಒಂದೊಂದೇ ಕೊಂಡಿ ಸೇರಿಸಿ ತಾನೇ ಮಾಡಿಕೊಂಡದ್ದು ಅನ್ನುತ್ತಾನೆ. ನೀನು ಒಳ್ಳೆಯ ವ್ಯವಹಾರಸ್ಥನಾಗಿದ್ದೆ ಅಲ್ವಾ ಜೇಕಬ್ ಅಂತ ಸ್ಕ್ರೂಜ್ ಸಮಾಧಾನ ಹೇಳಲು ಹೋದರೆ, ಜನರ ಒಳಿತೇ ನನ್ನ ವ್ಯವಹಾರ ಆಗಬೇಕಿತ್ತು ಅಂತ ಕೈ ಹಿಸುಕಿಕೊಳ್ಳುತ್ತಾನೆ.

ಇಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಒಂದು ಮಾತಿದೆ. ಸ್ಕ್ರೂಜ್‌ಗೆ ಬದಲಾಗುವ ಅವಕಾಶ ಸಿಕ್ಕಿದ್ದು ಮಾರ್ಲಿಯಿಂದ, ಅವನೇ ಅದನ್ನು ದೊರಕಿಸಿಕೊಟ್ಟೆ ಅನ್ನುತ್ತಾನೆ. ಬಹಳ ದಿನ ಕಣ್ಣಿಗೆ ಕಾಣದೆ ನಿನ್ನ ಪಕ್ಕದಲ್ಲೇ ಕೂತಿದ್ದೆ ಅಂತಲೂ ಹೇಳುತ್ತಾನೆ. ಅಂದರೆ ಬದುಕಿದ್ದಾಗ ಪಾಲುದಾರನಾಗಿದ್ದವನು ಸತ್ತ ಮೇಲೆ ಸ್ನೇಹಿತನಾದ. ಕಥೆಯ ಮೊದಲ ಬದಲಾವಣೆ ಸ್ಕ್ರೂಜ್‌ನದಲ್ಲ, ಮಾರ್ಲಿಯದು.

ಭೂತದ ಭೂತ

ಕನ್ನಡದಲ್ಲಿ ‘ಭೂತ’ ಅಂದರೆ ದೆವ್ವವೂ ಹೌದು, ಕಳೆದುಹೋದ ಕಾಲವೂ ಹೌದು. ಮೊದಲು ಬರುವವನನ್ನು ಹೇಳಲು ನಮಗೆ ಇದಕ್ಕಿಂತ ಸರಿಯಾದ ಪದ ಬೇಡ. ನೋಡಲು ಮಗುವಿನ ಹಾಗೂ ಇದ್ದಾನೆ, ಮುದುಕನ ಹಾಗೂ ಇದ್ದಾನೆ. ತಲೆಯಿಂದ ಬೆಳಕು ಹೊರಡುತ್ತದೆ. ಇವನು ಸ್ಕ್ರೂಜ್‌ನನ್ನು ಹೆದರಿಸುವುದಿಲ್ಲ, ಬೈಯುವುದಿಲ್ಲ, ಸುಮ್ನೆ ಕರೆದುಕೊಂಡು ಹೋಗಿ ತೋರಿಸುತ್ತಾನೆ.

ಮೊದಲು ಹಳೆಯ ಶಾಲೆ. ಹಬ್ಬಕ್ಕೆ ಎಲ್ಲ ಮಕ್ಕಳೂ ಊರಿಗೆ ಹೋಗಿದ್ದಾರೆ, ಒಬ್ಬ ಹುಡುಗ ಮಾತ್ರ ಸಣ್ಣ ಬೆಂಕಿಯ ಪಕ್ಕ ಕೂತು ಓದುತ್ತಿದ್ದಾನೆ. ಅದು ಸ್ಕ್ರೂಜ್. ಜೊತೆಗೆ ಯಾರೂ ಇಲ್ಲದ ಆ ಹುಡುಗನಿಗೆ ಕಥೆಪುಸ್ತಕದ ಆಲಿಬಾಬಾನೇ ಗೆಳೆಯ. ಮುದುಕ ಸ್ಕ್ರೂಜ್ ಅದನ್ನು ನೋಡಿ ಅಳುತ್ತಾನೆ. ಕಣ್ಣು ಒರೆಸಿಕೊಂಡು ಒಂದು ಮಾತು ಹೇಳುತ್ತಾನೆ: ನಿನ್ನೆ ಸಂಜೆ ಒಬ್ಬ ಹುಡುಗ ನನ್ನ ಬಾಗಿಲಲ್ಲಿ ಹಾಡುತ್ತಿದ್ದ, ಅವನಿಗೆ ಏನಾದರೂ ಕೊಡಬೇಕಿತ್ತು.

ಇಲ್ಲಿ ನಿಂತು ನೋಡಿ. ಬದಲಾವಣೆ ಶುರುವಾದದ್ದು ಈ ಜಾಗದಲ್ಲಿ. ಹೆದರಿಕೆಯಿಂದ ಅಲ್ಲ. ತಾನೂ ಒಂದು ಕಾಲದಲ್ಲಿ ಚಳಿಯಲ್ಲಿ ಒಂಟಿಯಾಗಿದ್ದ ಹುಡುಗ ಅಂತ ನೆನಪಾಯಿತು, ಆ ನೆನಪು ನೇರವಾಗಿ ಹೋಗಿ ನಿನ್ನೆ ಓಡಿಸಿದ ಹುಡುಗನನ್ನು ಮುಟ್ಟಿತು. ಈ ಭಾಗದಲ್ಲಿ ಡಿಕನ್ಸ್ ಮಾಡುವುದೇ ಇದು. ಹಳೆಯದೊಂದು ಸಂಬಂಧ ತೋರಿಸುತ್ತಾರೆ, ಅದರ ನೋವೋ ಸಂತೋಷವೋ ಇವತ್ತಿನ ಒಬ್ಬ ಮನುಷ್ಯನ ಕಡೆಗೆ ಬಾಗಿಲು ತೆರೆಯುತ್ತದೆ. ಒಗ್ಗರಣೆಯ ವಾಸನೆ ಮೂಗಿಗೆ ಬಡಿದ ಕೂಡಲೇ ಅಜ್ಜಿಮನೆ ನೆನಪಾಗಿ, ಎಷ್ಟೋ ದಿನದಿಂದ ಮಾತಾಡದ ಅಣ್ಣನಿಗೆ ಫೋನ್ ಮಾಡಬೇಕು ಅನ್ನಿಸುತ್ತದಲ್ಲ, ಆ ಥರ.

ಆಮೇಲೆ ಫೆಜಿವಿಗ್ ಬರುತ್ತಾನೆ. ಹುಡುಗ ಸ್ಕ್ರೂಜ್ ಕೆಲಸ ಕಲಿತ ಅಂಗಡಿಯ ಧಣಿ. ಕ್ರಿಸ್‌ಮಸ್ ಹಿಂದಿನ ಸಂಜೆ ಕೆಲಸ ನಿಲ್ಲಿಸಿ, ಗೋದಾಮನ್ನು ಗುಡಿಸಿ ಒರೆಸಿ, ಪಿಟೀಲು ಬಾರಿಸುವವನನ್ನು ಕರೆಸಿ ಎಲ್ಲರನ್ನೂ ಕುಣಿಸುತ್ತಾನೆ. ಅಡುಗೆಯವಳು ಬಂದಿದ್ದಾಳೆ, ಹಾಲಿನವನು ಬಂದಿದ್ದಾನೆ, ಎದುರು ಮನೆಯಲ್ಲಿ ಧಣಿ ಸರಿಯಾಗಿ ಊಟ ಹಾಕುತ್ತಾನೋ ಇಲ್ಲವೋ ಅನ್ನುವ ಹುಡುಗನೂ ಬಂದಿದ್ದಾನೆ. ಭೂತ ಬೇಕೆಂದೇ ಕೆಣಕುತ್ತದೆ: ಖರ್ಚಾಗಿದ್ದು ಮೂರೋ ನಾಲ್ಕೋ ಪೌಂಡ್, ಅದಕ್ಕೆ ಇಷ್ಟು ಹೊಗಳಬೇಕಾ? ಸ್ಕ್ರೂಜ್‌ಗೆ ರೇಗುತ್ತದೆ. ನಮ್ಮ ಕೆಲಸ ಹಗುರ ಮಾಡುವುದೋ ಭಾರ ಮಾಡುವುದೋ ಅವನ ಕೈಯಲ್ಲಿತ್ತು, ಒಂದು ನೋಟ, ಒಂದು ಮಾತು, ಕೂಡಿಸಿ ಲೆಕ್ಕ ಹಾಕಲಾಗದಷ್ಟು ಸಣ್ಣ ಸಂಗತಿಗಳು, ಆದರೆ ಅವನು ಕೊಟ್ಟ ಸಂತೋಷಕ್ಕೆ ಒಂದು ಆಸ್ತಿಯ ಬೆಲೆ ಇದೆ ಅಂತ ವಾದ ಮಾಡುತ್ತಾನೆ. ಜೀವನವಿಡೀ ಲೆಕ್ಕ ಬರೆದವನ ಬಾಯಲ್ಲಿ ಲೆಕ್ಕಕ್ಕೆ ಸಿಗದ್ದು ಇದೆ ಅನ್ನುವ ಮಾತು! ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಅಂತ ಅವನಿಗೇ ಹೊಳೆಯುತ್ತದೆ. ಈಗ ನನ್ನ ಗುಮಾಸ್ತನ ಜೊತೆ ಒಂದೆರಡು ಮಾತಾಡಬೇಕು ಅನ್ನಿಸುತ್ತಿದೆ ಅನ್ನುತ್ತಾನೆ.

ಕೊನೆಯಲ್ಲಿ ಬೆಲ್. ಸ್ಕ್ರೂಜ್ ಮದುವೆಯಾಗಬೇಕಿದ್ದ ಹುಡುಗಿ. ಇಬ್ಬರೂ ಬಡವರಾಗಿದ್ದಾಗ ಮಾತು ಕೊಟ್ಟುಕೊಂಡವರು. ವರ್ಷ ಕಳೆದಂತೆ ಅವನ ಮನಸ್ಸಿನಲ್ಲಿ ತನ್ನ ಜಾಗವನ್ನು ಚಿನ್ನ ತೆಗೆದುಕೊಂಡಿತು ಅಂತ ಅವಳಿಗೆ ಗೊತ್ತಾಗಿದೆ. ಜಗಳ ಮಾಡುವುದಿಲ್ಲ ಅವಳು. ಇವತ್ತು ಹೊಸದಾಗಿ ನೋಡಿದ್ದರೆ ಕೈಯಲ್ಲಿ ಕಾಸಿಲ್ಲದ ನನ್ನಂಥವಳನ್ನು ನೀನು ಒಪ್ಪುತ್ತಿದ್ದೆಯಾ ಅಂತ ಕೇಳಿ, ಕೊಟ್ಟ ಮಾತಿನಿಂದ ಅವನನ್ನು ಬಿಡುಗಡೆ ಮಾಡಿ ಹೊರಟುಹೋಗುತ್ತಾಳೆ. ಮೊದಲ ಸಂಜೆ ಫ್ರೆಡ್‌ಗೆ “ಮದುವೆ ಯಾಕೆ ಮಾಡಿಕೊಂಡೆ” ಅಂತ ಕೇಳಿದ್ದನಲ್ಲ, ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಗುತ್ತದೆ. ದುಡ್ಡು ನೋಡದೆ, ಪ್ರೀತಿ ನೋಡಿ ಮದುವೆಯಾದವನು ಎದುರಿಗೆ ಬಂದು ನಗುತ್ತಾ ನಿಂತರೆ ಸ್ಕ್ರೂಜ್‌ಗೆ ಅದು ತಾನು ಬಿಟ್ಟುಬಂದ ಬದುಕನ್ನೇ ನೋಡಿದ ಹಾಗೆ.

ಈ ದೃಶ್ಯವನ್ನು ಅವನು ತಡೆಯಲಾರ. ಭೂತದ ಟೊಪ್ಪಿಗೆಯನ್ನು ಅದರ ತಲೆಯ ಮೇಲೆ ಒತ್ತಿ ಬೆಳಕನ್ನು ಮುಚ್ಚಲು ನೋಡುತ್ತಾನೆ. ಎಷ್ಟು ಒತ್ತಿದರೂ ಬೆಳಕು ಕೆಳಗಿನಿಂದ ಹರಿದುಬಂದು ನೆಲದ ಮೇಲೆ ಬೀಳುತ್ತದೆ.

‘ಅಂಕಲ್’ ಅಲ್ಲ, ಸೋದರಮಾವ

ಇಂಗ್ಲಿಷಿನಲ್ಲಿ ಓದುವ ಮಕ್ಕಳಿಗೆ ಕಾಣದ, ಕನ್ನಡದಲ್ಲಿ ಹೇಳಿದ ಕೂಡಲೇ ಕಾಣುವ ವಿಷಯ ಒಂದಿದೆ. ಫ್ರೆಡ್ ಸ್ಕ್ರೂಜ್‌ಗೆ ಏನಾಗಬೇಕು? ಇಂಗ್ಲಿಷಿನ ‘ಅಂಕಲ್’ ಅನ್ನುವ ಪದ ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ನಾವು ಹೇಳುವಾಗ ಆರಿಸಿಕೊಳ್ಳಲೇಬೇಕು. ಫ್ರೆಡ್ ಸ್ಕ್ರೂಜ್‌ನ ತಂಗಿ ಮಗ. ಸ್ಕ್ರೂಜ್ ಅವನ ಸೋದರಮಾವ.

ಆ ತಂಗಿಯ ಹೆಸರು ಫ್ಯಾನ್. ಶಾಲೆಯಲ್ಲಿ ಒಂಟಿಯಾಗಿ ಕೂತಿದ್ದ ಹುಡುಗನನ್ನು ಮನೆಗೆ ಕರೆದುಕೊಂಡು ಹೋಗಲು ಬಂದವಳು ಅವಳು. ಅವನಿಗಿಂತ ತುಂಬಾ ಚಿಕ್ಕವಳು. ಓಡಿಬಂದು ಕತ್ತಿಗೆ ಕೈ ಹಾಕಿ, ಅಪ್ಪ ಈಗ ಮೊದಲಿನ ಹಾಗೆ ಸಿಡುಕುವುದಿಲ್ಲ, ನಿನ್ನನ್ನು ಕರೆತರಲು ಗಾಡಿ ಕಳಿಸಿದ್ದಾರೆ, ಮನೆಗೆ ಹೋಗೋಣ ಬಾ ಅನ್ನುತ್ತಾಳೆ. ಸ್ಕ್ರೂಜ್‌ನನ್ನು ಇಡೀ ಬಾಲ್ಯದಲ್ಲಿ ಪ್ರೀತಿಸಿದವರು ಅಂತ ಪುಸ್ತಕದಲ್ಲಿ ನಮಗೆ ಕಾಣುವುದು ಅವಳೊಬ್ಬಳೇ. ದೊಡ್ಡವಳಾದ ಮೇಲೆ ತೀರಿಕೊಂಡಳು. ಮಕ್ಕಳಿದ್ದರಲ್ಲ ಅನ್ನುತ್ತದೆ ಭೂತ. ಒಂದು ಮಗು ಅನ್ನುತ್ತಾನೆ ಸ್ಕ್ರೂಜ್. ಹೌದು, ನಿನ್ನ ಅಳಿಯ ಅನ್ನುತ್ತದೆ ಭೂತ. ಸ್ಕ್ರೂಜ್‌ಗೆ ಕಸಿವಿಸಿಯಾಗುತ್ತದೆ, ಹೌದು ಅಂತಷ್ಟೇ ಹೇಳಿ ಸುಮ್ಮನಾಗುತ್ತಾನೆ.

ತಾಯಿ ಇಲ್ಲದ ಹುಡುಗ, ತಾಯಿಯ ಅಣ್ಣ. ನಮ್ಮ ಮನೆಗಳಲ್ಲಿ ಸೋದರಮಾವ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ತೊಟ್ಟಿಲಿನಿಂದ ಮದುವೆ ಮಂಟಪದ ತನಕ ಅವನಿಗೊಂದು ಜಾಗ ಇದೆ. ಇಂಗ್ಲೆಂಡಿನಲ್ಲಿ ಆ ಶಾಸ್ತ್ರಗಳಿಲ್ಲ ನಿಜ, ಅವನ್ನು ತಂದು ಈ ಕಥೆಗೆ ಅಂಟಿಸುವುದು ಬೇಡ. ಆದರೆ ಫ್ರೆಡ್ ವರ್ಷ ವರ್ಷ ಬಂದು ಯಾಕೆ ಕರೆಯುತ್ತಾನೆ ಅನ್ನುವುದಕ್ಕೆ ಈ ಎಳೆ ಸಾಕು. ಅವನಿಗೆ ಮಾವನ ದುಡ್ಡು ಬೇಡ. ಬೈದರೂ ಪ್ರತಿ ವರ್ಷ ಹೋಗಿ ಕರೆಯುತ್ತೇನೆ, ನನಗೆ ಅವರನ್ನು ನೋಡಿದರೆ ಪಾಪ ಅನ್ನಿಸುತ್ತದೆ, ಇದರಿಂದ ಆ ಬಡ ಗುಮಾಸ್ತನಿಗೆ 50 ಪೌಂಡ್ ಬಿಟ್ಟುಹೋಗುವ ಮನಸ್ಸು ಬಂದರೂ ಸಾಕು ಅಂತ ಮನೆಯವರ ಮುಂದೆ ಹೇಳುತ್ತಾನೆ. ಕಣ್ಣಿಗೆ ಕಾಣದ ಹಾಗೆ ಅಲ್ಲೇ ನಿಂತಿದ್ದ ಸ್ಕ್ರೂಜ್ ಇದನ್ನು ಕೇಳಿಸಿಕೊಳ್ಳುತ್ತಾನೆ. ಫ್ರೆಡ್‌ನ ಹೆಂಡತಿ ಹಾರ್ಪ್ ನುಡಿಸುವಾಗ ಬರುವ ಒಂದು ಸಣ್ಣ ಧಾಟಿ, ಫ್ಯಾನ್‌ಗೆ ಗೊತ್ತಿದ್ದ ಧಾಟಿ. ಅದನ್ನು ಕೇಳಿ ಸ್ಕ್ರೂಜ್ ಇನ್ನೂ ಕರಗುತ್ತಾನೆ. ಅತಿಥಿಗಳು ಹೋಗುವ ತನಕ ಇಲ್ಲೇ ಇರುತ್ತೇನೆ ಅಂತ ಚಿಕ್ಕ ಹುಡುಗನ ಹಾಗೆ ಹಟ ಹಿಡಿಯುತ್ತಾನೆ. ನನ್ನ ತಂಗಿ ಮಗಳಿಗೆ ಈ ಜಾಗವನ್ನು ಓದಿ ಹೇಳುವಾಗ ನನ್ನ ಗಂಟಲು ಸ್ವಲ್ಪ ಹಿಡಿಯಿತು, ನಿಜ ಹೇಳುತ್ತೇನೆ.

ಗುಮಾಸ್ತನ ಮನೆಯಲ್ಲಿ

ಫ್ರೆಡ್‌ನ ಮನೆಗಿಂತ ಮೊದಲು ಎರಡನೆಯ ಭೂತ ಕರೆದೊಯ್ಯುವುದು ಬಾಬ್‌ನ ಮನೆಗೆ. ಕ್ಯಾಮ್‌ಡನ್ ಟೌನ್‌ನಲ್ಲಿ ನಾಲ್ಕು ಕೋಣೆಯ ಮನೆ. ಹಬ್ಬಕ್ಕೆ ಒಂದು ಹೆಬ್ಬಾತು ತಂದಿದ್ದಾರೆ, ಬೇಯಿಸಲು ಬೇಕರಿಯವನ ಒಲೆಗೆ ಕೊಟ್ಟಿದ್ದಾರೆ. ಎಂಟು ಜನಕ್ಕೆ ಇರುವ ಗಾಜಿನ ಸಾಮಾನು ಎರಡು ಲೋಟ, ಹಿಡಿ ಮುರಿದ ಒಂದು ಬಟ್ಟಲು. ಪುಡಿಂಗ್ ಎಷ್ಟು ಚಿಕ್ಕದು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕುಟುಂಬದ ಮಾನವನ್ನು ಎಲ್ಲರೂ ಸೇರಿ ಕಾಪಾಡುವುದು ಅಂದರೆ ಇದು.

ಬಾಬ್ ತನ್ನ ಧಣಿಯ ಹೆಸರಿನಲ್ಲಿ ಲೋಟ ಎತ್ತಿ ಹಾರೈಸುತ್ತಾನೆ. ಹೆಂಡತಿ ಕೆಂಡವಾಗುತ್ತಾಳೆ. ಆ ಮನುಷ್ಯ ಇಲ್ಲಿದ್ದಿದ್ದರೆ ನನ್ನ ಮನಸ್ಸಿನಲ್ಲಿರುವುದನ್ನೇ ಅವನಿಗೆ ಊಟಕ್ಕೆ ಬಡಿಸುತ್ತಿದ್ದೆ ಅನ್ನುತ್ತಾಳೆ. ಮಕ್ಕಳಿದ್ದಾರೆ ಅಂತ ಬಾಬ್ ಮೆಲ್ಲಗೆ ನೆನಪಿಸಿದಾಗ, ನಿಮ್ಮ ಸಲುವಾಗಿ, ಹಬ್ಬದ ಸಲುವಾಗಿ ಕುಡಿಯುತ್ತೇನೆ, ಅವನ ಸಲುವಾಗಿ ಅಲ್ಲ ಅನ್ನುತ್ತಾಳೆ. ಮಕ್ಕಳೂ ಕುಡಿಯುತ್ತಾರೆ, ಆದರೆ ಆ ಹೆಸರು ಬಿದ್ದ ಮೇಲೆ ಐದು ನಿಮಿಷ ಮನೆಯ ಮೇಲೆ ಮೋಡ ಕವಿದಂತಾಗುತ್ತದೆ. ಕೆಲವರು ಬಾಬ್‌ನನ್ನು ಅತಿ ಸಾಧು ಅನ್ನುತ್ತಾರೆ. ಅವನ ಹೆಂಡತಿಯ ಈ ಸಿಟ್ಟನ್ನು ಡಿಕನ್ಸ್ ಮುಚ್ಚಿಡಲಿಲ್ಲ ಅನ್ನುವುದು ನನಗೆ ಮುಖ್ಯ. ಸ್ಕ್ರೂಜ್ ಅದನ್ನೂ ಕೇಳಿಸಿಕೊಳ್ಳಬೇಕಿತ್ತು.

ಆ ಮನೆಯ ಚಿಕ್ಕ ಹುಡುಗ ಟೈನಿ ಟಿಮ್, ಊರುಗೋಲು ಹಿಡಿದು ನಡೆಯುವವನು. ಅವನು ಬದುಕುತ್ತಾನಾ ಅಂತ ಸ್ಕ್ರೂಜ್ ಕೇಳುತ್ತಾನೆ. ಇದೇ ರೀತಿ ಮುಂದುವರಿದರೆ ಸಾಯುತ್ತಾನೆ, ಸತ್ತರೆ ಏನಾಯಿತು, ಹೆಚ್ಚಾಗಿರುವ ಜನಸಂಖ್ಯೆ ಇಳಿಯುತ್ತದಲ್ಲ ಅಂತ ಭೂತ ಅವನ ಮಾತನ್ನೇ ಅವನಿಗೆ ವಾಪಸ್ ಕೊಡುತ್ತದೆ. ನಿನ್ನೆ ಅದು ಒಂದು ಅಂಕಿ ಆಗಿತ್ತು. ಇವತ್ತು ಅದಕ್ಕೆ ಮುಖ ಇದೆ, ಹೆಸರಿದೆ, ಅಪ್ಪನ ಹೆಗಲ ಮೇಲೆ ಕೂತು ಚರ್ಚಿನಿಂದ ಬಂದ ಮಗು ಅದು. ಸ್ಕ್ರೂಜ್ ತಲೆ ತಗ್ಗಿಸುತ್ತಾನೆ.

ಹೆದರಿಸುವವನು ಕೊನೆಗೆ ಬಂದದ್ದು ಯಾಕೆ

ನಿಜವಾಗಿ ಹೆದರಿಕೆ ಹುಟ್ಟಿಸುವವನು ಮೂರನೆಯವನು. ಮೈಯೆಲ್ಲ ಕಪ್ಪು ಬಟ್ಟೆ, ಮುಖ ಕಾಣುವುದಿಲ್ಲ, ಮಾತಿಲ್ಲ, ಬರೀ ಕೈ ತೋರಿಸುತ್ತಾನೆ. ಹೆದರಿಕೆಯಿಂದಲೇ ಸ್ಕ್ರೂಜ್ ಬದಲಾಗುವುದಾಗಿದ್ದರೆ ಇವನು ಮೊದಲೇ ಬಂದು ಒಂದೇ ಏಟಿಗೆ ಮುಗಿಸಬಹುದಿತ್ತು. ಇವನು ಬರುವ ಹೊತ್ತಿಗೆ ಸ್ಕ್ರೂಜ್ ಅತ್ತಿದ್ದಾನೆ, ನಕ್ಕಿದ್ದಾನೆ, ಟಿಮ್‌ಗಾಗಿ ಕೇಳಿಕೊಂಡಿದ್ದಾನೆ. ನಾನು ಕಲಿಯಲು ಸಿದ್ಧ, ನಡೆ ಅಂತ ತಾನೇ ಹೇಳುತ್ತಾನೆ.

ಹಾಗಾದರೆ ಈ ಮೂರನೆಯವನು ತೋರಿಸುವುದೇನು? ಯಾವ ಸಂಬಂಧವೂ ಇಲ್ಲದೆ ಸತ್ತ ಒಬ್ಬನ ಸಾವನ್ನು. ಜೊತೆಯ ವ್ಯಾಪಾರಿಗಳು, ಊಟ ಹಾಕಿಸಿದರೆ ಹೂಳಲು ಹೋಗೋಣ ಅಂತ ಮಾತಾಡಿಕೊಳ್ಳುತ್ತಾರೆ. ಮನೆಗೆಲಸದವರು ಮಂಚದ ಪರದೆ, ಕಂಬಳಿ, ಹೆಣಕ್ಕೆ ತೊಡಿಸಿದ್ದ ಅಂಗಿಯನ್ನೂ ಬಿಡದೆ ಗುಜರಿಯವನಿಗೆ ಮಾರುತ್ತಾರೆ. ಈ ಸಾವಿನಿಂದ ಯಾರ ಮನಸ್ಸಾದರೂ ಮಿಡಿದಿದ್ದರೆ ತೋರಿಸು ಅಂತ ಸ್ಕ್ರೂಜ್ ಅಂಗಲಾಚಿದರೆ, ಭೂತ ಒಂದು ಜೋಡಿಯನ್ನು ತೋರಿಸುತ್ತದೆ. ಅವರು ಸತ್ತವನಿಂದ ಸಾಲ ಪಡೆದವರು. ಅವರಿಗೆ ಆದದ್ದು ನಿರಾಳ. ಅದರ ಪಕ್ಕದಲ್ಲೇ ಇನ್ನೊಂದು ಸಾವು, ಟಿಮ್‌ನದು. ಏನೂ ಇಲ್ಲದ ಮನೆ, ಆದರೆ ಎಲ್ಲರೂ ಅವನ ಮಾತನ್ನೇ ಆಡುತ್ತಿದ್ದಾರೆ. ಈ ಎರಡನ್ನೂ ನೋಡಿದ ಮೇಲೆ ಸಮಾಧಿ ಕಲ್ಲಿನ ಮೇಲೆ ಸ್ಕ್ರೂಜ್‌ನದೇ ಹೆಸರು. ಇವು ಆಗಲೇಬೇಕಾದ ಸಂಗತಿಗಳೋ, ಆಗಬಹುದಾದವೋ ಅಂತ ಸ್ಕ್ರೂಜ್ ಕೇಳುತ್ತಾನೆ. ಮೂರನೆಯವನು ಉತ್ತರ ಕೊಡುವುದಿಲ್ಲ.

ತೀರಿಸಿದ ಬಾಕಿ, ತೀರದ ಬಾಕಿ

ಈಗ ಮೊದಲ ಸಂಜೆ ಹಾಕಿದ ಪೆನ್ಸಿಲ್ ಗುರುತುಗಳಿಗೆ ವಾಪಸ್ ಬನ್ನಿ.

ಬೆಳಗ್ಗೆ ಕಿಟಕಿ ತೆರೆದಾಗ ಸ್ಕ್ರೂಜ್ ಮೊದಲು ಮಾತಾಡಿಸುವುದು ಬೀದಿಯಲ್ಲಿದ್ದ ಒಬ್ಬ ಹುಡುಗನನ್ನು. ಹಿಂದಿನ ಸಂಜೆ ಓಡಿಸಿದ್ದೂ ಒಬ್ಬ ಹುಡುಗನನ್ನೇ ಅಲ್ವಾ? ಅಂಗಡಿಯ ದೊಡ್ಡ ಟರ್ಕಿ ಕೋಳಿಯನ್ನು ಐದು ನಿಮಿಷದೊಳಗೆ ತರಿಸಿದರೆ ಅರ್ಧ ಕ್ರೌನ್ ಕೊಡುತ್ತೇನೆ ಅನ್ನುತ್ತಾನೆ. ಅಂದರೆ ಎರಡೂವರೆ ಶಿಲ್ಲಿಂಗ್, ಬಾಬ್‌ನ ವಾರದ ಸಂಬಳದ ಆರನೇ ಒಂದು ಪಾಲು. ಕೋಳಿ ಹೋಗುವುದು ಬಾಬ್‌ನ ಮನೆಗೆ, ಕಳಿಸಿದವರು ಯಾರು ಅಂತ ಹೇಳದೆ. ಬೀದಿಯಲ್ಲಿ ಚಂದಾ ಕೇಳಿದ್ದವರಲ್ಲಿ ಒಬ್ಬರು ಸಿಕ್ಕಾಗ ಕಿವಿಯಲ್ಲಿ ಒಂದು ಮೊತ್ತ ಹೇಳುತ್ತಾನೆ. ಎಷ್ಟು ಅಂತ ಡಿಕನ್ಸ್ ನಮಗೆ ಹೇಳುವುದಿಲ್ಲ. ಅವರು ಉಸಿರುಗಟ್ಟಿ ನಿಂತಾಗ ಸ್ಕ್ರೂಜ್ ಅನ್ನುವುದು, ಇದರಲ್ಲಿ ಹಳೆಯ ಬಾಕಿ ತುಂಬಾ ಸೇರಿದೆ. ಲೆಕ್ಕದವನ ಭಾಷೆ ಬದಲಾಗಿಲ್ಲ ನೋಡಿ. ನಮ್ಮ ‘ಋಣ’ ಅನ್ನುವ ಪದಕ್ಕೆ ಸಾಲ ಅನ್ನುವ ಅರ್ಥವೂ ಇದೆ, ಮನುಷ್ಯರ ನಡುವಿನ ನಂಟು ಅನ್ನುವ ಅರ್ಥವೂ ಇದೆ. ಇಷ್ಟು ವರ್ಷ ಅವನಿಗೆ ಮೊದಲನೆಯದು ಮಾತ್ರ ಗೊತ್ತಿತ್ತು.

ಮರುದಿನ ಆಫೀಸು. ಬಾಬ್ ಹದಿನೆಂಟೂವರೆ ನಿಮಿಷ ತಡ. ಸ್ಕ್ರೂಜ್ ಹಳೆಯ ದನಿಯಲ್ಲೇ ಗದರಿ, ಇನ್ನು ಇದನ್ನೆಲ್ಲ ಸಹಿಸುವುದಿಲ್ಲ, ಆದ್ದರಿಂದ ನಿನ್ನ ಸಂಬಳ ಜಾಸ್ತಿ ಮಾಡುತ್ತೇನೆ ಅನ್ನುತ್ತಾನೆ. ಬಾಬ್ ಹೆದರಿ ರೂಲು ಕೋಲಿನ ಹತ್ತಿರ ಸರಿಯುತ್ತಾನೆ, ಧಣಿಗೆ ಹುಚ್ಚು ಹಿಡಿದಿರಬೇಕು ಅಂತ. ಮೊದಲ ಸಂಜೆ ಹಾಡುವ ಹುಡುಗನ ಕಡೆ ಸ್ಕ್ರೂಜ್ ಎತ್ತಿದ್ದೂ ರೂಲು ಕೋಲನ್ನೇ. ಇವತ್ತು ಅದು ಯಾರ ಮೇಲೂ ಬೀಳುವುದಿಲ್ಲ. ಬೆನ್ನು ತಟ್ಟಿ ‘ಬಾಬ್’ ಅಂತ ಹೆಸರು ಹಿಡಿದು ಕರೆಯುತ್ತಾನೆ. ಇನ್ನೊಂದು ಅಕ್ಷರ ಬರೆಯುವ ಮೊದಲು ಹೋಗಿ ಇನ್ನೊಂದು ಕಲ್ಲಿದ್ದಲ ಬುಟ್ಟಿ ಕೊಂಡು ತಾ ಅನ್ನುತ್ತಾನೆ. ಟಿಮ್ ಸಾಯಲಿಲ್ಲ, ಅವನಿಗೆ ಸ್ಕ್ರೂಜ್ ಎರಡನೆಯ ತಂದೆಯಾದ ಅಂತ ಪುಸ್ತಕ ಹೇಳುತ್ತದೆ. ಟಿಮ್ ಸಾಯಲಿಲ್ಲ ಅನ್ನುವ ಆ ಮಾತು ಡಿಕನ್ಸ್ ಕೈಬರಹದ ಪ್ರತಿಯಲ್ಲಿ ಇರಲಿಲ್ಲ, ಪುಸ್ತಕ ಅಚ್ಚಾಗುವ ಹಂತದಲ್ಲಿ ಸೇರಿಸಿದರು. ಓದುಗರು ಆ ಮಗುವಿನ ಬಗ್ಗೆ ಕೇಳಿಯೇ ಕೇಳುತ್ತಾರೆ ಅಂತ ಅವರಿಗೆ ಅನ್ನಿಸಿರಬೇಕು.

ಎಲ್ಲವೂ ಸರಿಹೋಗಲಿಲ್ಲ, ಅದನ್ನೂ ಮಕ್ಕಳಿಗೆ ಹೇಳಿ. ಬೆಲ್ ಕೊನೆಯ ಭಾಗದಲ್ಲಿ ಬರುವುದೇ ಇಲ್ಲ. ಅವಳಿಗೆ ಗಂಡ, ಮಕ್ಕಳು, ತುಂಬಿದ ಮನೆ ಇದೆ. ಸ್ಕ್ರೂಜ್ ಎಷ್ಟೇ ಒಳ್ಳೆಯವನಾದರೂ ಆ ಬಾಗಿಲು ಅವನದಲ್ಲ. ಫ್ಯಾನ್ ಇಲ್ಲ. ಮಾರ್ಲಿಯ ಸರಪಳಿ ಕಳಚಿತೋ ಇಲ್ಲವೋ ಪುಸ್ತಕ ಹೇಳುವುದಿಲ್ಲ.

ಫ್ರೆಡ್ ಮನೆಯ ಬಾಗಿಲು ಮಾತ್ರ ಉಳಿದಿತ್ತು. ಹಬ್ಬದ ದಿನ ಮಧ್ಯಾಹ್ನ ಸ್ಕ್ರೂಜ್ ಅಲ್ಲಿಗೆ ಹೋಗುತ್ತಾನೆ. ಹಿಂದಿನ ದಿನ ಬರುವುದಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದವನು. ಫ್ರೆಡ್‌ನ ಹೆಂಡತಿಯಂತೂ ಅವನು ಬರುತ್ತಾನೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ, ಅದಕ್ಕೇ ಬೆಚ್ಚುತ್ತಾಳೆ. ಬಾಗಿಲು ತಟ್ಟುವ ಧೈರ್ಯ ಬರುವ ಮೊದಲು ಅವನು ಆ ಮನೆಯ ಮುಂದೆ ಹನ್ನೆರಡು ಸಲ ಅತ್ತಿಂದಿತ್ತ ಹಾದುಹೋದ ಅಂತ ಡಿಕನ್ಸ್ ಬರೆದಿದ್ದಾರೆ. ಆಮೇಲೆ ಒಳಗೆ ಇಣುಕಿ, ನಾನು, ನಿನ್ನ ಮಾವ, ಊಟಕ್ಕೆ ಬಂದಿದ್ದೀನಿ, ಒಳಗೆ ಬಿಡ್ತೀಯಾ ಫ್ರೆಡ್ ಅನ್ನುತ್ತಾನೆ.

ಇದನ್ನು ಓದಿ ಮುಗಿಸಿದಾಗ ತಂಗಿ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, “ನಮ್ಮ ನಾಟಕದಲ್ಲಿ ಸ್ಕ್ರೂಜ್ ಸೀದಾ ಒಳಗೆ ಬಂದುಬಿಡ್ತಾನೆ ಮಾಮ. ನಾಳೆ ಮಿಸ್‌ಗೆ ಹೇಳ್ತೀನಿ, ಮೊದಲು ಬಾಗಿಲ ಹೊರಗೆ ಸ್ವಲ್ಪ ಓಡಾಡಲಿ ಅಂತ.”